ಹಾಲುಹಲ್ಲೆಂದು ಬಿಡಬೇಡಿ

ಮದ್ರಸದ ಒಂದನೇ ತರಗತಿಯಲ್ಲಿ ಅಕ್ಷರ ಕಲಿಸುವಾಗ ನಾವು ಮಕ್ಕಳ ಬಾಯಿ ನೋಡಲೇಬೇಕು. ಅರಬಿಯ ‘ಸಾ’ ಹೇಳಲು ನಾಲಗೆಯ ತುದಿ ಮೇಲಿನ ಮುಂದಿನ ಹಲ್ಲಿಗೆ ತಾಗಬೇಕು. ಎಷ್ಟೋ ಮಕ್ಕಳಲ್ಲಿ ಆ ಹಲ್ಲು ಕಪ್ಪಾಗಿ ಬುಡದವರೆಗೆ ಕರಗಿರುತ್ತದೆ. ಉಮ್ಮಂದಿರಲ್ಲಿ ಕೇಳಿದರೆ, “ಹಾಲುಹಲ್ಲಲ್ಲವಾ ಉಸ್ತಾದ್, ಹೇಗೂ ಬೀಳ್ತದೆ” ಅಂತಾರೆ.

ಮುಂದಿನದ್ದು 6-7 ವರ್ಷಕ್ಕೆ ಬೀಳ್ತದೆ, ಸರಿ. ಆದರೆ ಹಾಲಿನ ದವಡೆ ಹಲ್ಲು ಬೀಳುವುದು 10ರಿಂದ 12ನೇ ವರ್ಷಕ್ಕೆ. ಅಲ್ಲಿವರೆಗೆ ಮಗು ಅದರಲ್ಲೇ ಅಗಿಯಬೇಕು. ಮುಂದೆ ಬರುವ ಹಲ್ಲಿಗೆ ಜಾಗ ಕಾಯುವುದೂ ಅದೇ. ಬಹಳ ಮನೆಗಳಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಸುಮಾರು 6ನೇ ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ ಹೊಸ ದವಡೆ ಹಲ್ಲು ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದು ಜೀವನವಿಡೀ ಇರಬೇಕಾದ ಹಲ್ಲು!

ಹುಳುಕು ಬೆಳೆಯುವುದು ಹೆಚ್ಚಾಗಿ ರಾತ್ರಿ. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಿದರೆ, ನಿದ್ದೆಯಲ್ಲಿ ಜೊಲ್ಲು ಕಡಿಮೆ, ಸಿಹಿ ಹಲ್ಲಿನ ಮೇಲೆ ಹಾಗೇ ನಿಲ್ಲುತ್ತದೆ. ಮೊದಲ ಹಲ್ಲು ಕಂಡಂದಿನಿಂದಲೇ ಮಲಗುವ ಮುಂಚೆ ಉಜ್ಜಿ. 3 ವರ್ಷದವರೆಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಆಮೇಲೆ ಬಟಾಣಿಯಷ್ಟು ಸಾಕು. 7-8 ವರ್ಷದವರೆಗೆ ದೊಡ್ಡವರ ಕೈಯೇ ಬೇಕು. (ಮಿಸ್ವಾಕ್ ಸುನ್ನತ್ ಹೌದು, ಆದರೆ ಸಣ್ಣ ಮಗುವಿನ ಹಿಂದಿನ ಹಲ್ಲಿಗೆ ಬ್ರಷ್ಷೇ ಸುಲಭ.)

ಒಸಡಿನ ಹತ್ತಿರ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಆರಂಭ ಇರಬಹುದು. ಆಗಲೇ ಹೋದರೆ ಕೊರೆಯದೆ ನಿಲ್ಲಿಸಲು ಸಾಧ್ಯ. ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ. ನೋವು ಬರಲಿ ಅಂತ ಕಾಯದೆ, 1 ವರ್ಷ ತುಂಬುವಾಗಲೇ ಒಮ್ಮೆ ತೋರಿಸಿ.