ಹೊಗೆ ಜಾಸ್ತಿ, ಓಟ ಕಮ್ಮಿ

ಪ್ರಶ್ನೆ: ವಿಶಾಖಪಟ್ಟಣದ ಕಡಲಲ್ಲೂ ವಿಜಯವಾಡದ ಕೃಷ್ಣಾ ನದಿಯಲ್ಲೂ ಕೆಲವು ಸಣ್ಣ ದೋಣಿಗಳ ಮೋಟಾರು ದಟ್ಟ ಹೊಗೆ ಉಗುಳುತ್ತ ತೆವಳುವುದನ್ನು ಕಂಡೆ. ಯಾಕೆ ಹೀಗೆ?

ಉತ್ತರ: ಟೂ-ಸ್ಟ್ರೋಕ್ ಮೋಟಾರಿಗೆ ಸ್ವಲ್ಪ ಹೊಗೆ ಹುಟ್ಟುಗುಣ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಒಳಭಾಗಗಳನ್ನು ಸವರಿ, ಕೊನೆಗೆ ತಾನೂ ಉರಿದುಹೋಗುತ್ತದೆ. ಹಲವು ಮೋಟಾರುಗಳಿಗೆ 50:1 ಸಾಕು, ಅಂದರೆ ಲೀಟರು ಪೆಟ್ರೋಲಿಗೆ 20 ಮಿಲಿ ಆಯಿಲ್. ‘ಇರಲಿ, ಇನ್ನಷ್ಟು’ ಎಂದು ಸುರಿದರೆ ನೀಲಿ ಹೊಗೆ, ಮಸಿ ಹಿಡಿದ ಪ್ಲಗ್.

ಹೊಗೆಯ ಜೊತೆ ಬಲವೂ ಕುಸಿದಿದ್ದರೆ ಮೊದಲು ಪ್ಲಗ್ ಬಿಚ್ಚಿ ನೋಡುವುದೇ ಜಾಣತನ. ಎರಡು ಸಿಲಿಂಡರಿನ ಮೋಟಾರಿನಲ್ಲಿ ಒಂದು ಪ್ಲಗ್ ಕಂದು ಬಣ್ಣಕ್ಕಿದ್ದು ಇನ್ನೊಂದು ಕಪ್ಪಗೆ ಒದ್ದೆಯಾಗಿದ್ದರೆ, ಆ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲು, ಆಯಿಲ್ಲು ಹೊಗೆಯಾಗಿ ಹೊರಬೀಳುತ್ತದೆ. ಪ್ಲಗ್ ಬದಲಿಸಿದರೂ ಹಾಗೇ ಇದ್ದರೆ ಕಾಯಿಲ್ ನೋಡಿ, ಆಮೇಲೆ ಕಂಪ್ರೆಶನ್. ಚೋಕ್ ಎಳೆದದ್ದನ್ನು ಮರೆತೇ ಹೊರಟು ಹೊಗೆ ಎಬ್ಬಿಸಿದವರೂ ಇದ್ದಾರೆ, ನಗಬೇಡಿ.

ಊರಿಗೆ ತಕ್ಕ ಕಾಯಿಲೆಯೂ ಉಂಟು. ವಿಶಾಖದ ಕಡಲನೀರಿನ ಉಪ್ಪು ಮೋಟಾರನ್ನು ತಂಪಾಗಿಡುವ ಕೊಳವೆಗಳಲ್ಲಿ ಹರಳುಗಟ್ಟುತ್ತದೆ. ಓಟ ಮುಗಿದ ಮೇಲೆ ಸಿಹಿನೀರು ಹಾಯಿಸಬೇಕು. ಕೃಷ್ಣೆಯಲ್ಲಾದರೆ ಹೂಳು, ಅಂತರಗಂಗೆ. ಅದರ ಬೇರು ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಎಂಜಿನ್ ಗಟ್ಟಿಯಾಗಿದ್ದರೂ ದೋಣಿ ಕದಲದು.