ಬಯಲು ಆಹಾರ ಸೇವೆ, ಬೀದಿಬದಿ ವ್ಯಾಪಾರ ಮತ್ತು ಪಾದಚಾರಿ ಮಾರ್ಗ: ಬೆಂಗಳೂರಿನ ನಾಗರಿಕರಿಗೆ ಮಾಹಿತಿ

ಪೀಠಿಕೆ

ಬೆಂಗಳೂರು ಮಹಾನಗರದಲ್ಲಿ ಹೋಟೆಲಿನ ಮುಂದೆ ನಿಂತು ಉಪಾಹಾರ ಸೇವಿಸುವುದು ಬಹುಕಾಲದ ರೂಢಿ. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯ ಮಾದರಿಯು ಕಡಿಮೆ ಸ್ಥಳ, ಸ್ವಸಹಾಯ ಪದ್ಧತಿ ಹಾಗೂ ನಿಂತು ತಿನ್ನಲು ಅನುಕೂಲವಾದ ಎತ್ತರದ ಮೇಜುಗಳ ಮೂಲಕ ನಗರದಾದ್ಯಂತ ಹರಡಿತು. ವಿಶ್ವೇಶ್ವರಪುರದ ತಿಂಡಿ ಬೀದಿಯು ಸಂಜೆಯಾಗುತ್ತಿದ್ದಂತೆ ಜನರಿಂದ ತುಂಬುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯ ದಿನಗಳಲ್ಲಿ ಇಡೀ ರಸ್ತೆಯೇ ಮಾರುಕಟ್ಟೆಯಾಗುತ್ತದೆ. ಬೀದಿಯ ಈ ಚಟುವಟಿಕೆಯು ನಗರದ ಜೀವಂತಿಕೆಯ ಲಕ್ಷಣವಾಗಿರುವಂತೆಯೇ ಸಾವಿರಾರು ಕುಟುಂಬಗಳ ಜೀವನಾಧಾರವೂ ಆಗಿರುತ್ತದೆ.

ಆದರೆ ಅದೇ ಬೀದಿಯ ಅಂಚಿನಲ್ಲಿಯೇ ಶಾಲಾ ಮಕ್ಕಳು, ವೃದ್ಧರು, ಗಾಲಿಕುರ್ಚಿ ಬಳಸುವವರು ಹಾಗೂ ದೃಷ್ಟಿದೋಷವುಳ್ಳವರು ಸಂಚರಿಸಬೇಕಾಗಿದೆ. ಪಾದಚಾರಿ ಮಾರ್ಗದಲ್ಲಿ ಇರಿಸಿದ ಎರಡು ಮೇಜುಗಳು ಅವರನ್ನು ವಾಹನಗಳ ನಡುವೆ ಇಳಿಯುವಂತೆ ಮಾಡಬಲ್ಲವು. ಯಾವ ಸ್ಥಳದಲ್ಲಿ ಯಾರಿಗೆ ಯಾವ ಹಕ್ಕಿದೆ, ಯಾವ ಅನುಮತಿ ಅಗತ್ಯ ಎಂಬುದನ್ನು ಸಾರ್ವಜನಿಕರಿಗೆ ತಿಳಿಸುವುದೇ ಈ ಮಾಹಿತಿಯ ಉದ್ದೇಶ.

ಮೂರು ಬಗೆಯ ಸ್ಥಳಗಳು

ಅರ್ಜಿ ಸಲ್ಲಿಸುವ ಮುನ್ನ ವ್ಯಾಪಾರ ನಡೆಯುವ ಸ್ಥಳವು ಈ ಕೆಳಗಿನ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಅರ್ಜಿದಾರರು ಖಚಿತಪಡಿಸಿಕೊಳ್ಳತಕ್ಕದ್ದು.

1. ಹೋಟೆಲಿನ ಸ್ವಂತ ನಿವೇಶನದೊಳಗಿನ ತೆರೆದ ಜಾಗ: ಅಂಗಳ ಮತ್ತು ತೆರೆದ ತಾರಸಿ ಇತ್ಯಾದಿ. ಇಲ್ಲಿ ಮಂಜೂರಾದ ಕಟ್ಟಡ ನಕ್ಷೆ ಹಾಗೂ ಉದ್ದಿಮೆ ಪರವಾನಗಿಯ ಷರತ್ತುಗಳು ಅನ್ವಯಿಸುತ್ತವೆ. ಕಟ್ಟಡದ ಸುತ್ತ ಬಿಡಬೇಕಾದ ತೆರವು ಜಾಗವು ಗಾಳಿ ಬೆಳಕಿಗಾಗಿ ಹಾಗೂ ಅಗ್ನಿ ಅವಘಡದ ಸಂದರ್ಭದಲ್ಲಿ ಜನರ ತೆರವಿಗಾಗಿ ಮೀಸಲಾದುದು. ಅಲ್ಲಿ ಶಾಶ್ವತ ಛಾವಣಿ ನಿರ್ಮಿಸುವುದಾಗಲಿ, ವಾಹನ ನಿಲುಗಡೆಗೆ ತೋರಿಸಿದ ಜಾಗವನ್ನು ಆಸನ ವ್ಯವಸ್ಥೆಗೆ ಬದಲಾಯಿಸುವುದಾಗಲಿ ನಕ್ಷೆಯ ಉಲ್ಲಂಘನೆಯಾಗುತ್ತದೆ.

2. ಹೋಟೆಲಿನ ಮುಂದಿನ ಪಾದಚಾರಿ ಮಾರ್ಗ: ಇದು ಸಾರ್ವಜನಿಕ ಸ್ವತ್ತು. ಉದ್ದಿಮೆ ಪರವಾನಗಿಯು ಅದರಲ್ಲಿ ನಮೂದಿಸಿದ ಕಟ್ಟಡಕ್ಕೆ ಮಾತ್ರ ಸಂಬಂಧಿಸಿದ್ದು, ಅದರ ಆಧಾರದ ಮೇಲೆ ಪಾದಚಾರಿ ಮಾರ್ಗದಲ್ಲಿ ಮೇಜು, ಕುರ್ಚಿ, ಒಲೆ ಅಥವಾ ನಾಮಫಲಕ ಇರಿಸುವ ಹಕ್ಕು ಪ್ರಾಪ್ತವಾಗುವುದಿಲ್ಲ. ಸಂಚಾರಕ್ಕೆ ಅಡ್ಡಿಯಾಗುವ ವಸ್ತುಗಳನ್ನು ತೆರವುಗೊಳಿಸುವ ಅಧಿಕಾರ ನಗರ ಪಾಲಿಕೆಗೆ ಇರುತ್ತದೆ.

3. ಬೀದಿಬದಿ ವ್ಯಾಪಾರದ ಸ್ಥಳ: ತಳ್ಳುಗಾಡಿ, ಬುಟ್ಟಿ ಅಥವಾ ತಾತ್ಕಾಲಿಕ ಮಳಿಗೆಯಲ್ಲಿ ಆಹಾರ ಮಾರುವವರಿಗೆ 2014ರ ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಅಧಿನಿಯಮವು ಅನ್ವಯಿಸುತ್ತದೆ.

ಎರಡನೆಯ ಮತ್ತು ಮೂರನೆಯ ವರ್ಗಗಳ ನಡುವಿನ ವ್ಯತ್ಯಾಸವನ್ನು ಅನೇಕರು ಗಮನಿಸುವುದಿಲ್ಲ. ಸ್ವಂತ ಕಟ್ಟಡವುಳ್ಳ ಹೋಟೆಲು ತನ್ನ ವ್ಯಾಪಾರವನ್ನು ಬೀದಿಗೆ ವಿಸ್ತರಿಸುವುದು ಬೇರೆ. ಬೀದಿಯ ಹೊರತು ಬೇರೆ ಜೀವನೋಪಾಯವಿಲ್ಲದ ವ್ಯಕ್ತಿಯು ಅಲ್ಲಿ ವ್ಯಾಪಾರ ಮಾಡುವುದು ಬೇರೆ. ಕಾನೂನಿನ ರಕ್ಷಣೆ ಇರುವುದು ಎರಡನೆಯವರಿಗೆ.

ಪಾದಚಾರಿಗಳ ಹಕ್ಕು

ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಗಲದ ಅಡೆತಡೆಯಿಲ್ಲದ ನಡಿಗೆಯ ಪಟ್ಟಿ ಇರಬೇಕು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಸಾಗಲು ಈ ಅಗಲ ಅವಶ್ಯಕ. ಮರ, ವಿದ್ಯುತ್ ಕಂಬ, ಆಸನ, ವ್ಯಾಪಾರ ಇವೆಲ್ಲವೂ ಈ ಪಟ್ಟಿಯ ಹೊರಗಿರತಕ್ಕದ್ದು. ಮಾರ್ಗದ ಒಟ್ಟು ಅಗಲವನ್ನು ಮಾತ್ರ ನೋಡದೆ, ನಡೆಯಲು ಎಷ್ಟು ಉಳಿದಿದೆ ಎಂಬುದನ್ನು ಅಳೆಯಬೇಕಾಗುತ್ತದೆ.

2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ಅನುಚ್ಛೇದದಡಿ ಜೀವಿಸುವ ಹಕ್ಕಿನ ಭಾಗವೆಂದು ತಿಳಿಸಿತು. ಮತ್ತೊಂದೆಡೆ, 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಬೀದಿ ವ್ಯಾಪಾರವು ಸಮಂಜಸ ನಿರ್ಬಂಧಗಳಿಗೆ ಒಳಪಟ್ಟು 19ನೇ ಅನುಚ್ಛೇದದ ರಕ್ಷಣೆ ಪಡೆದ ವೃತ್ತಿಯೆಂದು ಮಾನ್ಯ ಮಾಡಿತ್ತು. ಈ ಎರಡು ಹಕ್ಕುಗಳಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಲಾಗದು. ಎರಡಕ್ಕೂ ಸ್ಥಳ ನಿಗದಿಪಡಿಸುವುದೇ ಸ್ಥಳೀಯ ಸಂಸ್ಥೆಯ ಕರ್ತವ್ಯ.

ಬೀದಿ ವ್ಯಾಪಾರಿಗಳಿಗೆ ಅಧಿನಿಯಮ ನೀಡುವ ರಕ್ಷಣೆ

2014ರ ಮೇ 1ರಿಂದ ಜಾರಿಯಲ್ಲಿರುವ ಈ ಅಧಿನಿಯಮದ ಮುಖ್ಯಾಂಶಗಳು ಹೀಗಿವೆ:

• ಕನಿಷ್ಠ ಐದು ವರ್ಷಗಳಿಗೊಮ್ಮೆ ಬೀದಿ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ವಿತರಿಸುವವರೆಗೆ ಅಲ್ಲಿರುವ ವ್ಯಾಪಾರಿಗಳನ್ನು ಒಕ್ಕಲೆಬ್ಬಿಸುವಂತಿಲ್ಲ.
• ವಾರ್ಡ್, ವಲಯ ಅಥವಾ ನಗರದ ಜನಸಂಖ್ಯೆಯ ಶೇ. 2.5ರ ಮಿತಿಗೆ ಒಳಪಟ್ಟು, ಗುರುತಿಸಲ್ಪಟ್ಟ ವ್ಯಾಪಾರಿಗಳಿಗೆ ವ್ಯಾಪಾರ ವಲಯಗಳಲ್ಲಿ ಸ್ಥಳ ಕಲ್ಪಿಸಬೇಕು.
• ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳ ಚುನಾಯಿತ ಪ್ರತಿನಿಧಿಗಳಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು.
• ಸ್ಥಳಾಂತರ ಅಥವಾ ತೆರವಿಗೆ 30 ದಿನಗಳ ಮುನ್ಸೂಚನೆ ಅಗತ್ಯ.
• ಸರಕು ವಶಪಡಿಸಿಕೊಂಡಲ್ಲಿ ಪಟ್ಟಿ ತಯಾರಿಸಿ ಸಹಿ ಮಾಡಿದ ಪ್ರತಿಯನ್ನು ವ್ಯಾಪಾರಿಗೆ ನೀಡಬೇಕು. ನಿಗದಿತ ಶುಲ್ಕ ಪಾವತಿಸಿ ಕೋರಿಕೆ ಸಲ್ಲಿಸಿದಾಗ, ಬೇಗ ಕೆಡುವ ಪದಾರ್ಥಗಳನ್ನು ಅದೇ ದಿನ, ಇತರ ಸರಕನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು.
• 50 ವರ್ಷಗಳಿಗಿಂತ ಹೆಚ್ಚು ಕಾಲ ವ್ಯಾಪಾರ ನಡೆದಿರುವ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು. ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸುವಂತಿಲ್ಲ.

ಸಂಜೆಯ ವ್ಯಾಪಾರಕ್ಕೆಂದು ಬೆಳಿಗ್ಗೆ ರುಬ್ಬಿದ ಹಿಟ್ಟು ಮರುದಿನಕ್ಕೆ ಉಳಿಯುವುದಿಲ್ಲ. ಅದೇ ದಿನ ಹಿಂದಿರುಗಿಸಬೇಕೆಂಬ ನಿಯಮದ ಮಹತ್ವ ಇದರಿಂದ ತಿಳಿಯುತ್ತದೆ. ವ್ಯಾಪಾರಿಗಳು ವಶಪಡಿಸಿಕೊಂಡ ಸರಕಿನ ಪಟ್ಟಿಯನ್ನು ಆ ಸ್ಥಳದಲ್ಲಿಯೇ ಕೇಳಿ ಪಡೆಯುವುದು ಸೂಕ್ತ.

ವ್ಯಾಪಾರಿಗಳ ಹೊಣೆಗಾರಿಕೆ

ವ್ಯಾಪಾರ ಪ್ರಮಾಣಪತ್ರವು 14 ವರ್ಷ ಪೂರೈಸಿದವರಿಗೆ ಮಾತ್ರ ಲಭ್ಯ. ಅರ್ಜಿದಾರರು ತಾವೇ ಅಥವಾ ಕುಟುಂಬದ ಸದಸ್ಯರ ಮೂಲಕ ವ್ಯಾಪಾರ ನಡೆಸುವುದಾಗಿ, ಬೇರೆ ಜೀವನೋಪಾಯವಿಲ್ಲವೆಂದು ಹಾಗೂ ಪ್ರಮಾಣಪತ್ರವನ್ನು ಬಾಡಿಗೆಗಾಗಲಿ ಅನ್ಯ ರೀತಿಯಲ್ಲಾಗಲಿ ವರ್ಗಾಯಿಸುವುದಿಲ್ಲವೆಂದು ಮುಚ್ಚಳಿಕೆ ನೀಡಬೇಕು. ಪ್ರಮಾಣಪತ್ರ ಹೊಂದಿದವರು ಮರಣ ಹೊಂದಿದಲ್ಲಿ ಅಥವಾ ಶಾಶ್ವತವಾಗಿ ಅಶಕ್ತರಾದಲ್ಲಿ ಪತಿ ಅಥವಾ ಪತ್ನಿ, ಅನಂತರ ಅವಲಂಬಿತ ಮಕ್ಕಳು ಅದರ ಅವಧಿ ಮುಗಿಯುವವರೆಗೆ ವ್ಯಾಪಾರ ಮುಂದುವರಿಸಬಹುದು. ಆದರೆ ಪ್ರಮಾಣಪತ್ರವು ಆ ಜಾಗದ ಮೇಲೆ ಶಾಶ್ವತ ಹಕ್ಕನ್ನು ನೀಡುವುದಿಲ್ಲ.

ಆಹಾರ ಮಾರುವವರು ಇವುಗಳನ್ನೂ ಪಾಲಿಸತಕ್ಕದ್ದು:

1. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮದ ಅವಶ್ಯಕತೆಗಳನ್ನು ಪೂರೈಸುವುದು. ಶುದ್ಧ ನೀರು ಬಳಸುವುದು.
2. ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ಹಾಗೂ ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಬಳಸುವುದನ್ನು ರಾಜ್ಯ ಸರ್ಕಾರವು 2024ರ ಮಾರ್ಚ್‌ನಲ್ಲಿ ನಿಷೇಧಿಸಿರುವುದನ್ನು ಗಮನಿಸುವುದು.
3. ರಾಜ್ಯದಲ್ಲಿ 2016ರಿಂದ ನಿಷೇಧಿತವಾದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಬಳಸದಿರುವುದು. ಬಾಳೆ ಎಲೆ, ಅಡಿಕೆ ಹಾಳೆಯ ತಟ್ಟೆ, ತೊಳೆದು ಬಳಸುವ ಸ್ಟೀಲ್ ತಟ್ಟೆಗಳು ಸೂಕ್ತ.
4. ಕಸದ ಬುಟ್ಟಿ ಇರಿಸಿ, ವ್ಯಾಪಾರ ಮುಗಿದ ನಂತರ ಸ್ಥಳವನ್ನು ಸ್ವಚ್ಛಗೊಳಿಸುವುದು. ಎಣ್ಣೆ ಮತ್ತು ಮುಸುರೆಯನ್ನು ಮಳೆನೀರಿನ ಚರಂಡಿಗೆ ಸುರಿಯಬಾರದು.

ನೆರೆಹೊರೆಯ ನಿವಾಸಿಗಳು

ಊಟದ ಬೀದಿಗಳ ಪಕ್ಕದಲ್ಲಿ ಮನೆಗಳೂ ಇರುತ್ತವೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಹಾಗೂ ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬಲ್ ಮಿತಿಯಿದೆ. ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ.

ನಗರದ ಅನುಭವ

ಬೀದಿಯನ್ನು ಹಂಚಿಕೊಳ್ಳುವ ಪ್ರಯತ್ನಗಳು ನಗರದಲ್ಲಿ ನಡೆದಿವೆ. ಚರ್ಚ್ ಸ್ಟ್ರೀಟ್ ಅನ್ನು ಕಲ್ಲುಹಾಸಿನೊಂದಿಗೆ ಮರುನಿರ್ಮಿಸಿ 2018ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. 2020ರ ನವೆಂಬರ್‌ನಿಂದ ಕೆಲವು ತಿಂಗಳುಗಳ ಕಾಲ ವಾರಾಂತ್ಯಗಳಲ್ಲಿ ಅಲ್ಲಿ ವಾಹನ ಸಂಚಾರ ನಿಲ್ಲಿಸಿ ನಡಿಗೆಗೆ ಮಾತ್ರ ಅವಕಾಶ ನೀಡಲಾಗಿತ್ತು. ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ 2023ರಲ್ಲಿ ನವೀಕರಣ ಕಾಮಗಾರಿ ನಡೆಯಿತು. ಆ ಬೀದಿಯಲ್ಲಿ ಜರುಗುತ್ತಿದ್ದ ಅವರೆಬೇಳೆ ಮೇಳವನ್ನು ಅದೇ ವರ್ಷ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಏರ್ಪಡಿಸಲಾಯಿತು. ನಿತ್ಯದ ವ್ಯಾಪಾರಕ್ಕೆ ಬೀದಿ, ಹೆಚ್ಚಿನ ಜನ ಸೇರುವ ಮೇಳಕ್ಕೆ ಮೈದಾನ ಎಂಬ ವಿಂಗಡಣೆಯು ಇತರ ಬಡಾವಣೆಗಳಿಗೂ ಉಪಯುಕ್ತವಾಗಬಲ್ಲದು.

ಅರ್ಜಿದಾರರ ಗಮನಕ್ಕೆ

1. 2025ರ ಸೆಪ್ಟೆಂಬರ್‌ನಿಂದ ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ಎಂಬ ಐದು ನಗರ ಪಾಲಿಕೆಗಳಿವೆ. ವ್ಯಾಪಾರ ಸ್ಥಳವು ಯಾವ ಪಾಲಿಕೆಯ ವ್ಯಾಪ್ತಿಗೆ ಬರುತ್ತದೆಯೋ ಅಲ್ಲಿಯೇ ವಿಚಾರಿಸತಕ್ಕದ್ದು.
2. ಸಕಾಲ ಯೋಜನೆಯ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯತಕ್ಕದ್ದು. ವಿಳಂಬವಾದಲ್ಲಿ ಮೇಲ್ಮನವಿಗೆ ಇದೇ ಆಧಾರ.
3. ಬಂಡವಾಳ ಅಗತ್ಯವಿರುವ ಅರ್ಹ ಬೀದಿ ವ್ಯಾಪಾರಿಗಳು ಪಿಎಂ ಸ್ವನಿಧಿ ಯೋಜನೆಯಡಿ ಆಧಾರರಹಿತ ಸಾಲಕ್ಕೆ ಅರ್ಜಿ ಸಲ್ಲಿಸಬಹುದು. 2025ರ ಪರಿಷ್ಕರಣೆಯಂತೆ ಮೊದಲ ಕಂತು ರೂ. 15,000ದವರೆಗೆ, ಎರಡನೆಯದು ರೂ. 25,000ದವರೆಗೆ, ಮೂರನೆಯದು ರೂ. 50,000ದವರೆಗೆ ಇರುತ್ತದೆ. ಹಿಂದಿನ ಸಾಲ ತೀರಿಸಿದವರು ಮಾತ್ರ ಮುಂದಿನ ಕಂತಿಗೆ ಅರ್ಹರು.
4. ಪ್ರಮಾಣಪತ್ರ ರದ್ದುಪಡಿಸುವ ಮುನ್ನ ವ್ಯಾಪಾರಿಗೆ ತನ್ನ ಅಹವಾಲು ಹೇಳಿಕೊಳ್ಳುವ ಅವಕಾಶವಿದೆ. ರದ್ದತಿಯ ಆದೇಶದ ವಿರುದ್ಧ ಸ್ಥಳೀಯ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು.
5. ಪಾದಚಾರಿ ಮಾರ್ಗದ ಅಡಚಣೆಯ ಬಗ್ಗೆ ದೂರು ನೀಡುವವರು ಸ್ಥಳ, ಸಮಯ ಹಾಗೂ ನಡೆಯಲು ಉಳಿದಿರುವ ಅಗಲವನ್ನು ನಮೂದಿಸಿ, ಸಾಧ್ಯವಾದಲ್ಲಿ ಛಾಯಾಚಿತ್ರ ಲಗತ್ತಿಸತಕ್ಕದ್ದು. ಅಡಚಣೆಯು ಹೋಟೆಲಿನ ಪೀಠೋಪಕರಣದಿಂದಲೋ, ನಿಲ್ಲಿಸಿದ ವಾಹನದಿಂದಲೋ, ಬೀದಿ ವ್ಯಾಪಾರದಿಂದಲೋ ಎಂಬುದನ್ನು ಸ್ಪಷ್ಟಪಡಿಸಿದಲ್ಲಿ ಸೂಕ್ತ ಕಾನೂನಿನಡಿ ಕ್ರಮ ಕೈಗೊಳ್ಳಲು ಅನುಕೂಲವಾಗುತ್ತದೆ.

ನಡೆಯುವವರಿಗೆ ದಾರಿ, ಮಾರುವವರಿಗೆ ನೆಲೆ, ತಿನ್ನುವವರಿಗೆ ಶುಚಿಯಾದ ಆಹಾರ ದೊರೆಯಬೇಕಾದರೆ ನಿಯಮಗಳ ಅರಿವು ಎಲ್ಲರಿಗೂ ಅಗತ್ಯ. ಈ ನಿಟ್ಟಿನಲ್ಲಿ ಸಾರ್ವಜನಿಕರ ಸಹಕಾರವನ್ನು ಕೋರಲಾಗಿದೆ.