ಕನ್ನಡದ ನಾಲಿಗೆ, ನಮಾಝಿನ ಅರಬಿ

ಇಸ್ಲಾಮಿಗೆ ಹೊಸದಾಗಿ ಬಂದವರನ್ನು ಮೊದಲ ವಾರದಲ್ಲೇ ಕಾಡುವ ಚಿಂತೆ ನಮಾಝಿನದು. ಅರಬಿಯ ಒಂದಕ್ಷರ ಗೊತ್ತಿಲ್ಲ, ದಿನಕ್ಕೆ ಐದು ಹೊತ್ತು ಆ ಭಾಷೆಯಲ್ಲಿ ನಿಂತು ಪ್ರಾರ್ಥಿಸುವುದು ಹೇಗೆ? ಎಲ್ಲ ಕಲಿತ ಮೇಲೆ ಶುರು ಮಾಡಿದರಾಯಿತು ಎಂದು ಹಲವರು ಮುಂದಕ್ಕೆ ಹಾಕುತ್ತಾರೆ. ಆದರೆ ಆ ಮಾತುಗಳು ನಾಲಿಗೆಗೆ ಹತ್ತುವುದೇ ನಮಾಝಿನಲ್ಲಿ ಮತ್ತೆ ಮತ್ತೆ ಹೇಳುವುದರಿಂದ. ಗೊತ್ತಿದ್ದಷ್ಟರಿಂದ ಇವತ್ತೇ ಶುರು ಮಾಡಿ ಎಂಬುದು ನನ್ನ ಮೊದಲ ಸಲಹೆ.

ಇದಕ್ಕೆ ಧರ್ಮದಲ್ಲೇ ಆಧಾರವಿದೆ. ಕುರ್‌ಆನ್‌ನಿಂದ ಏನನ್ನೂ ಕಲಿಯಲಾಗುತ್ತಿಲ್ಲ ಎಂದು ಒಬ್ಬರು ಪ್ರವಾದಿ ಮುಹಮ್ಮದ್(ಸ)ರ ಬಳಿ ಹೇಳಿಕೊಂಡಾಗ, ಅದರ ಬದಲಿಗೆ ಸುಬ್‌ಹಾನಲ್ಲಾಹ್, ಅಲ್‌ಹಮ್ದುಲಿಲ್ಲಾಹ್, ಅಲ್ಲಾಹು ಅಕ್ಬರ್ ಮುಂತಾದ ಕೆಲವೇ ಮಾತುಗಳನ್ನು ಅವರು ಹೇಳಿಕೊಟ್ಟ ವರದಿ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ತೊದಲುತ್ತಾ, ಕಷ್ಟಪಟ್ಟು ಓದುವವರಿಗೆ ಇಮ್ಮಡಿ ಪುಣ್ಯ ಎಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಕಲಿಯುವ ಪ್ರಯತ್ನ ಕೈಬಿಡಬಾರದು, ಅಷ್ಟೇ.

ಹಾಗಿದ್ದರೆ ಕನ್ನಡದಲ್ಲೇ ನಮಾಝ್ ಮಾಡಬಾರದೇ? ಈ ಪ್ರಶ್ನೆ ಇಂದಿನದಲ್ಲ. 767ರಲ್ಲಿ ತೀರಿಕೊಂಡ ಇಮಾಮ್ ಅಬೂ ಹನೀಫಾ ಪಾರ್ಸಿ ಭಾಷೆಯಲ್ಲಿ ಓದಿದರೂ ನಡೆಯುತ್ತದೆ ಎಂದಿದ್ದರು. ಅರಬಿ ಸಾಧ್ಯವೇ ಇಲ್ಲದವರಿಗೆ ಮಾತ್ರ ಎಂದು ಅವರ ಇಬ್ಬರು ಪ್ರಮುಖ ಶಿಷ್ಯರು ಅದನ್ನು ಬಿಗಿಗೊಳಿಸಿದರು. ಕೊನೆಗೆ ಗುರುಗಳೂ ಶಿಷ್ಯರ ಮಾತಿಗೇ ಬಂದರೆಂದು ಅವರ ಹೆಸರಿನ ಹನಫಿ ಪಂಥದ ಗ್ರಂಥಗಳು ಹೇಳುತ್ತವೆ. ಟರ್ಕಿಯಲ್ಲಿ 1932ರಿಂದ 1950ರವರೆಗೆ ಬಾಂಗನ್ನೇ ತುರ್ಕಿ ಭಾಷೆಯಲ್ಲಿ ಕೂಗಿಸಿದರು. ನಿರ್ಬಂಧ ತೆಗೆದ ಕೂಡಲೇ ಮಸೀದಿಗಳು ಅರಬಿಗೆ ಮರಳಿದವು. ನಮಾಝ್ ಅರಬಿಯಲ್ಲೇ ಉಳಿದಿರುವುದರಿಂದ ಭಟ್ಕಳದವರೂ ಜಕಾರ್ತದವರೂ ಅದೇ ಮಾತುಗಳಿಂದ ಒಂದೇ ಸಾಲಿನಲ್ಲಿ ನಿಲ್ಲಬಹುದು ಎಂಬುದು ಸಣ್ಣ ಸಂಗತಿಯಲ್ಲ. ಇನ್ನು ನಮಾಝ್ ಮುಗಿದ ಮೇಲೆ ಕೈಯೆತ್ತಿ ಮಾಡುವ ದುಆ ಇದೆಯಲ್ಲ, ಅದನ್ನು ಧಾರಾಳವಾಗಿ ಕನ್ನಡದಲ್ಲೇ ಮಾಡಿ. ಮನಸ್ಸಿನ ನೋವು, ಕೋರಿಕೆ, ಕೃತಜ್ಞತೆ ಎಲ್ಲಕ್ಕೂ ಅಲ್ಲಿ ಜಾಗವಿದೆ.

ನಮಾಝಿಗೆ ಮುಂಚಿನ ನಿಯ್ಯತ್ ಬಗ್ಗೆಯೂ ಒಂದು ಮಾತು. ಉದ್ದನೆಯ ಅರಬಿ ನಿಯ್ಯತ್ ಬಾಯಿಪಾಠ ಮಾಡಲು ಹೋಗಿ ಸುಸ್ತಾಗುವವರಿದ್ದಾರೆ. ನಿಯ್ಯತ್ ಎಂದರೆ ಸಂಕಲ್ಪ, ಅದರ ಜಾಗ ಮನಸ್ಸು. ಯಾವ ನಮಾಝ್ ಎಂದು ಮನಸ್ಸಿನಲ್ಲಿ ಕನ್ನಡದಲ್ಲಿ ಅಂದುಕೊಂಡರೂ ಆಯಿತು.

ಕಲಿಯಬೇಕಾದದ್ದು ನೀವು ಹೆದರಿದಷ್ಟು ಇಲ್ಲ. ಕಡ್ಡಾಯ ನಮಾಝ್‌ಗಳಲ್ಲಿ ಫಜ್ರ್ 2, ಝುಹರ್ 4, ಅಸರ್ 4, ಮಗ್ರಿಬ್ 3, ಇಶಾ 4, ಹೀಗೆ ದಿನಕ್ಕೆ 17 ರಕಅತ್, ಅಂದರೆ ನಿಂತು, ಬಾಗಿ, ಹಣೆಯೂರಿ ಮುಗಿಸುವ ಸುತ್ತು. ಪ್ರತಿ ರಕಅತ್‌ನಲ್ಲೂ ಬರುವುದು 7 ಆಯತ್‌ಗಳ ಸೂರಃ ಅಲ್ ಫಾತಿಹಾ. ಆದ್ದರಿಂದ ಮೊದಲ ಶ್ರಮವೆಲ್ಲ ಫಾತಿಹಾಕ್ಕೇ ಇರಲಿ. ಅದರ ನಂತರ ಓದುವ ಸಣ್ಣ ಸೂರಃಗಳಲ್ಲಿ ಅಲ್ ಇಖ್ಲಾಸ್ 4 ಆಯತ್, ಅಲ್ ಕೌಸರ್ ಮೂರೇ ಆಯತ್. ಬಾಗುವ ರುಕೂ, ಹಣೆ ಊರುವ ಸುಜೂದ್‌ಗಳ ಮಾತು ಒಂದೊಂದೇ ಸಾಲು, ಎರಡು ದಿನದಲ್ಲಿ ಬಂದುಬಿಡುತ್ತದೆ. ಹೆಚ್ಚು ಕಾಲ ಹಿಡಿಯುವುದು ಕುಳಿತು ಹೇಳುವ ಅತ್ತಹಿಯ್ಯಾತ್ ಮತ್ತು ಅದರ ಹಿಂದೆ ಬರುವ, ಪ್ರವಾದಿಯವರಿಗಾಗಿ ಹೇಳುವ ಸಲವಾತ್. ಅವನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಜಮಾಅತ್‌ನಲ್ಲಿ ಇಮಾಮರ ಹಿಂದೆ ನಿಂತು, ಎಲ್ಲರ ಜೊತೆ ಬಾಗಿ ಎದ್ದು, ಬಂದಷ್ಟು ಹೇಳುತ್ತಾ ಹೋಗಿ. ಫಾತಿಹಾದ ಎರಡು ಆಯತ್ ಬಂದ ದಿನ ಅವೆರಡನ್ನು ಅಂದಿನ ನಮಾಝಿಗೇ ತನ್ನಿ, ಉಳಿದದ್ದಕ್ಕೆ ಸುಬ್‌ಹಾನಲ್ಲಾಹ್ ಹೇಳಿ.

ಈಗ ಕನ್ನಡ ಲಿಪಿಯಲ್ಲಿ ಬರೆದ ಚೀಟಿಯ ವಿಷಯ. ಎಲ್ಲರೂ ಮೊದಲು ಕೇಳುವುದು ಅದನ್ನೇ, ನಮಾಝ್ ಕಲಿಸುವ ಕನ್ನಡ ಪುಸ್ತಕಗಳಲ್ಲಿ ಸಿಗುವುದೂ ಅದೇ. ಇಟ್ಟುಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಅರಬಿಯ 28 ಅಕ್ಷರಗಳಲ್ಲಿ ಸೀನ್, ಸ್ವಾದ್, ಸಾ ಮೂರೂ ಚೀಟಿಯಲ್ಲಿ ‘ಸ’ ಆಗುತ್ತವೆ. ಎರಡು ಬೇರೆ ಬೇರೆ ‘ಹ’ಗಳು ಒಂದೇ ಆಗುತ್ತವೆ. ಫಾತಿಹಾದಲ್ಲೇ ನೋಡಿ: ‘ಅಲ್‌ಹಮ್ದು’ ಎಂಬಲ್ಲಿನ ‘ಹ’ ಗಂಟಲ ನಡುವಿನಿಂದ ಉಜ್ಜಿಕೊಂಡು ಬರುವ ಉಸಿರು, ಕನ್ನಡಕದ ಗಾಜು ಒರೆಸುವ ಮುನ್ನ ಬಾಯಿಂದ ಹಬೆ ಬಿಡುತ್ತೇವಲ್ಲ, ಹಾಗೆ. ‘ಇಹ್‌ದಿನಾ’ ಎಂಬಲ್ಲಿನದು ನಮ್ಮದೇ ಸಾದಾ ‘ಹ’. ಅದೇ ಆಯತ್‌ನಲ್ಲಿ ‘ಸಿರಾತ್’ ಮತ್ತು ‘ಮುಸ್ತಕೀಮ್’ ಅಕ್ಕಪಕ್ಕ ನಿಂತಿವೆ. ಮೊದಲನೆಯದರ ಸ, ತ ಎರಡನ್ನೂ ನಾಲಿಗೆಯ ಹಿಂಭಾಗ ಮೇಲೆತ್ತಿ ದಪ್ಪವಾಗಿ ಹೇಳಬೇಕು, ಎರಡನೆಯದರ ಸ, ತ ಕನ್ನಡದಂತೆಯೇ ತೆಳು. ಈ ವ್ಯತ್ಯಾಸವನ್ನು ಕಾಗದ ತೋರಿಸಲಾರದು, ಕಿವಿಯೇ ಹಿಡಿಯಬೇಕು.

ಕನ್ನಡಿಗರಿಗೆ ಒಂದು ದೊಡ್ಡ ಅನುಕೂಲವೂ ಇದೆ. ಹ್ರಸ್ವ, ದೀರ್ಘ, ಒತ್ತಕ್ಷರ ಇವು ನಮಗೆ ಹುಟ್ಟಿನಿಂದ ಬಂದವು, ಅರಬಿಯಲ್ಲಿ ಅರ್ಥ ನಿಲ್ಲುವುದೂ ಇವುಗಳ ಮೇಲೆ. ‘ಇಯ್ಯಾಕ’ ಎಂಬಲ್ಲಿ ಯಕಾರದ ಒತ್ತು ಬಿಟ್ಟರೆ ‘ನಿನ್ನನ್ನೇ’ ಎಂಬ ಅರ್ಥ ತಪ್ಪಿ ಸೂರ್ಯನ ಬೆಳಕಿನತ್ತ ತಿರುಗುತ್ತದೆ ಎಂದು ವ್ಯಾಖ್ಯಾನಕಾರರು ಎಚ್ಚರಿಸಿದ್ದಾರೆ. ‘ಅನ್‌ಅಮ್ತ’ ಎಂದರೆ ನೀನು ಅನುಗ್ರಹಿಸಿದೆ, ‘ಅನ್‌ಅಮ್ತು’ ಎಂದರೆ ನಾನು ಅನುಗ್ರಹಿಸಿದೆ. ನಾವು ಎಡವುವುದು ಇಂಥ ಕಡೆಯೇ. ಬಸ್ಸು, ಕಾರು ಎಂದು ಪದದ ಕೊನೆಗೆ ಉಕಾರ ಸೇರಿಸುವ ಅಭ್ಯಾಸ ನಮ್ಮದು, ಹಾಗಾಗಿ ‘ಅಕ್ಬರ್’ ಸಲೀಸಾಗಿ ‘ಅಕ್ಬರು’ ಆಗುತ್ತದೆ, ‘ನಸ್ತಈನ್’ ‘ನಸ್ತೈನು’ ಆಗುತ್ತದೆ. ನಿಲ್ಲಿಸುವಲ್ಲಿ ವ್ಯಂಜನದ ಮೇಲೇ ಬಾಯಿ ನಿಲ್ಲಿಸುವುದನ್ನು ರೂಢಿ ಮಾಡಿಕೊಳ್ಳಿ. ಹಳೆ ಮೈಸೂರು ಕಡೆಯ ಮಾತಿನಲ್ಲಿ ಹಕಾರ ಅಕಾರವಾಗುವ ರೂಢಿ ಇದ್ದವರು ‘ಅಲ್‌ಹಮ್ದು’ವಿನ ಮೇಲೆ ಇನ್ನಷ್ಟು ಗಮನ ಇಡಬೇಕು.

ಕೆಲವು ಅಕ್ಷರ ಹುಟ್ಟಾ ಮುಸ್ಲಿಮರಿಗೂ ಕಷ್ಟವೇ. ಫಾತಿಹಾದ ಕೊನೆಯಲ್ಲಿ ಬರುವ ‘ದಾದ್’ ಎಂಬ ಅಕ್ಷರವನ್ನು ಕರಾವಳಿಯ ಬ್ಯಾರಿಗಳು ‘ಳ’ಕಾರದ ಹತ್ತಿರ ಹೇಳುತ್ತಾರೆ, ಅವರ ಬಾಯಲ್ಲಿ ರಮಳಾನ್. ದಖನಿ ಉರ್ದು ಮನೆಮಾತಿನವರು ಅದನ್ನು ‘ಜ’ಕಾರದ ಕಡೆಗೆ ಒಯ್ಯುತ್ತಾರೆ, ಅವರದು ರಮಜಾನ್. ಮೂಲ ಧ್ವನಿ ನಾಲಿಗೆಯ ಅಂಚು ಮೇಲಿನ ದವಡೆಹಲ್ಲಿಗೆ ತಾಗಿ ಹುಟ್ಟುವಂಥದ್ದು. ಇಷ್ಟು ತಲೆಮಾರು ಓದಿದವರಿಗೇ ಹೀಗಿರುವಾಗ ನಿಮ್ಮ ನಾಲಿಗೆ ಮೂರು ತಿಂಗಳಲ್ಲಿ ಹೊರಳದಿದ್ದರೆ ನಾಚಿಕೆ ಬೇಡ.

ಕೇಳಿ ಕಲಿಯಲು ಎರಡು ದಾರಿಗಳಿವೆ. ಮೊದಲನೆಯದು ಮಸೀದಿ. ಝುಹರ್ ಮತ್ತು ಅಸರ್‌ನಲ್ಲಿ ಇಮಾಮರು ಮೆಲ್ಲಗೆ ಓದುತ್ತಾರೆ. ಫಜ್ರ್‌ನಲ್ಲಿ, ಮಗ್ರಿಬ್ ಮತ್ತು ಇಶಾದ ಮೊದಲ ಎರಡು ರಕಅತ್‌ಗಳಲ್ಲಿ ದನಿಯೆತ್ತಿ ಓದುತ್ತಾರೆ. ಕಲಿಯುವವರು ತಪ್ಪದೆ ಹೋಗಬೇಕಾದದ್ದು ಈ ಮೂರಕ್ಕೆ. ಎರಡನೆಯದು ಧ್ವನಿಮುದ್ರಣ. ಈಜಿಪ್ಟಿನ ಮಹ್‌ಮೂದ್ ಖಲೀಲ್ ಅಲ್ ಹುಸರಿ 1961ರಲ್ಲಿ ಕುರ್‌ಆನನ್ನು ಪೂರ್ತಿಯಾಗಿ, ನಿಧಾನದ ಶೈಲಿಯಲ್ಲಿ ಓದಿ ಮುದ್ರಿಸಿದರು. ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಕೇಳುವ ಓದು ಅದು. ಅದೇ ನಾಡಿನ ಮಿನ್‌ಶಾವಿ ಓದಿದ್ದನ್ನು ಮಕ್ಕಳು ಹಿಂದೆಯೇ ಹೇಳುವ ಮುದ್ರಣವೂ ಫೋನಿನಲ್ಲಿ ಸುಲಭವಾಗಿ ಸಿಗುತ್ತದೆ. ಆ ಮಕ್ಕಳ ಜೊತೆ ನೀವೂ ಹೇಳಿ.

ಕಲಿಸುವವರು ಒಬ್ಬರೇ ಇರಲಿ. ಕರಾವಳಿಯ ಬ್ಯಾರಿಗಳು, ನವಾಯತರು ಶಾಫಿಈ ಪದ್ಧತಿಯವರು, ಬೆಂಗಳೂರು, ಮೈಸೂರು, ಕಲಬುರಗಿಯ ಕಡೆ ಹೆಚ್ಚಿನವರು ಹನಫಿ. ಇಬ್ಬರೂ ಹೇಳಿಕೊಡುವ ಅತ್ತಹಿಯ್ಯಾತ್‌ನ ಪಾಠದಲ್ಲೇ ತುಸು ವ್ಯತ್ಯಾಸವಿದೆ. ಶಾಫಿಈಗಳು ಇಮಾಮರ ಹಿಂದೆಯೂ ಫಾತಿಹಾ ಓದುತ್ತಾರೆ, ಆಮೀನ್ ಜೋರಾಗಿ ಹೇಳುತ್ತಾರೆ. ಹನಫಿಗಳು ಇಮಾಮರ ಓದಿಗೆ ಮೌನವಾಗಿ ನಿಲ್ಲುತ್ತಾರೆ, ಆಮೀನ್ ಮೆಲ್ಲಗೆ ಹೇಳುತ್ತಾರೆ. ಎರಡೂ ಸರಿಯೇ. ಆದರೆ ಒಬ್ಬ ಉಸ್ತಾದರಿಂದ ಅರ್ಧ, ಇನ್ನೊಬ್ಬರಿಂದ ಅರ್ಧ ಕಲಿತರೆ ಯಾವುದೂ ನಿಲ್ಲುವುದಿಲ್ಲ. ಚೀಟಿ ನೋಡಿಕೊಂಡು ನಮಾಝ್ ಮಾಡಬಹುದೇ ಎಂಬುದಕ್ಕೂ ಉತ್ತರ ಎರಡು: ಶಾಫಿಈಗಳಲ್ಲಿ ಆಗುತ್ತದೆ, ಅಬೂ ಹನೀಫಾರ ಪ್ರಕಾರ ನಮಾಝ್ ಮುರಿಯುತ್ತದೆ. ನಿಮಗೆ ಕಲಿಸುವವರನ್ನೇ ಕೇಳಿ.

ಅರ್ಥ ತಿಳಿಯದೆ ಬರೀ ಬಾಯಿಪಾಠ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಮಂಗಳೂರಿನ ಶಾಂತಿ ಪ್ರಕಾಶನ ಹೊರತಂದ ಕನ್ನಡ ಅನುವಾದವಿದೆ, ಅಬ್ದುಸ್ಸಲಾಮ್ ಪುತ್ತಿಗೆ ಅವರ ಅನುವಾದವೂ ಇದೆ. ಒಂದು ಆಯತ್ ಕಲಿಯುವ ದಿನ ಅದರ ಅರ್ಥವನ್ನೂ ಓದಿಕೊಂಡರೆ ನಿಂತಾಗ ಮನಸ್ಸು ಅಲೆಯುವುದು ಕಡಿಮೆಯಾಗುತ್ತದೆ. ಅರಬಿ ಲಿಪಿಗೆ ಅವಸರ ಬೇಡ. ನಮಾಝ್ ಕೂಡಿಬಂದ ಮೇಲೆ ಮದ್ರಸದ ಮಕ್ಕಳು ಓದುವ ನೂರಾನಿ ಕಾಯಿದಾ ಹಿಡಿಯಿರಿ. ನಮ್ಮ ದೇಶದ ಮುದ್ರಣಕ್ಕೂ ಮದೀನಾದ ಮುದ್ರಣಕ್ಕೂ ಅಕ್ಷರದ ರೂಪ, ಚಿಹ್ನೆಗಳಲ್ಲಿ ವ್ಯತ್ಯಾಸವಿರುತ್ತದೆ. ಓದು ಹಿಡಿತಕ್ಕೆ ಬರುವವರೆಗೆ ಒಂದೇ ಮುದ್ರಣ ಇಟ್ಟುಕೊಳ್ಳಿ.

ಈವರೆಗೆ ಹೇಳಿದ್ದು ಗಂಡಸರಿಗೆ ಸುಲಭ. ನಮ್ಮ ಅನೇಕ ಮಸೀದಿಗಳಲ್ಲಿ ಹೆಂಗಸರಿಗೆ ಜಾಗವೇ ಇಲ್ಲ. ಹೊಸದಾಗಿ ಬಂದ ಹೆಣ್ಣುಮಗಳು ಇಮಾಮರ ಓದು ಕೇಳುವುದೆಲ್ಲಿ, ಅಕ್ಕಪಕ್ಕದವರನ್ನು ನೋಡಿ ಕಲಿಯುವುದೆಲ್ಲಿ? ಮದುವೆಯ ಮೂಲಕ ಬಂದವರಿಗೆ ಅತ್ತೆಯೋ ನಾದಿನಿಯೋ ಹೇಳಿಕೊಟ್ಟಾರು, ಒಬ್ಬಳೇ ಬಂದವಳಿಗೆ ಅದೂ ಇಲ್ಲ. ಜಮಾಅತ್ ಕಮಿಟಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ವಾರಕ್ಕೆರಡು ದಿನ ಅರ್ಧ ಗಂಟೆ ಹೇಳಿಕೊಡಬಲ್ಲ, ಚೆನ್ನಾಗಿ ಓದಬಲ್ಲ ಒಬ್ಬ ಹೆಂಗಸನ್ನು ಗೊತ್ತು ಮಾಡಿ, ಅವರ ಸಮಯಕ್ಕೆ ಗೌರವಧನ ಕೊಡಿ. ಸಾಲಿನಲ್ಲಿ ನಿಲ್ಲುವ ಹಿರಿಯರೂ ಹೊಸಬರ ತಪ್ಪನ್ನು ಎಲ್ಲರೆದುರು ಎತ್ತಿ ಆಡದೆ, ನಮಾಝ್ ಮುಗಿದ ಮೇಲೆ ಪಕ್ಕಕ್ಕೆ ಕರೆದು ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿಕೊಡಿ.